ಹೆಡ್ಮಾಸ್ಟರಿಗೆ ಹೆದರಿದ ಆರು ಮೀನುಗಳು

"ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ನನ್ನ ಮಾತು ಮೀರಿದ ಒಂದೇ ಒಂದು ಪ್ರಾಣಿ ತೋರಿಸು ನೋಡೋಣ!" ಎಂದು ಹೆಡ್ಮಾಸ್ಟರು ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದರು.

ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ನರ್ಸಮ್ಮ, ಅಂದರೆ ಅವರ ಹೆಂಡತಿ, ತೋರಿಸುವ ಗೋಜಿಗೆ ಹೋಗಲಿಲ್ಲ. "ಪ್ರಾಣಿ ಹಾಗಿರಲಿ. ನಡುಮನೆಯಲ್ಲಿ ಈ ಕೆರೆ ಯಾಕ್ರೀ?" ಎಂದು ಕೇಳಿದರು.

ಕೆರೆಯಲ್ಲ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಆರು ಡಿಸ್ಕಸ್ ಮೀನು. ತಟ್ಟೆಯ ಹಾಗೆ ದುಂಡಗೆ, ಮೈತುಂಬ ನೀಲಿ ಗೆರೆ, ಮುಖದಲ್ಲಿ ಮಾತ್ರ ಸದಾ ಯಾರೋ ಬೈದ ಹಾಗೆ ಒಂದು ಬೇಸರ. ಇವು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೀನುಗಳು. ಅಲ್ಲಿ ಗೋಡೆ ಒಡೆಯುವ ಕೆಲಸ ಶುರುವಾಗಿ, ಆ ಸದ್ದಿಗೆ ಇವು ಬದುಕುವುದಿಲ್ಲ ಅಂತ ಡಾಕ್ಟರು ಒಳ್ಳೆ ಮನೆ ಹುಡುಕುತ್ತಿದ್ದರು. ಆ ಹೊತ್ತಿಗೆ ಕುರ್ಚಿಯಲ್ಲಿ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದ ನಮ್ಮ ಹೆಡ್ಮಾಸ್ಟರು ಎದೆ ತಟ್ಟಿ ತಟ್ಟಿ ತೋರಿಸಿದರು. ನಾನಿದ್ದೀನಿ!

"ಬಲು ನಾಜೂಕಿನ ಜೀವ ಮೇಷ್ಟ್ರೇ," ಎಂದರು ಡಾಕ್ಟರು. "ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಹತ್ತು ಗಂಟೆಗೆ ಬರ್ತೀನಿ. ನನ್ನ ಕಣ್ಣೆದುರು ನಿಮ್ಮ ಕೈಯಿಂದ ತಿಂದರೆ ಮೀನು ನಿಮ್ಮವು. ಇಲ್ಲ ಅಂದ್ರೆ ಬಕೆಟ್ ಜೊತೆಗೇ ತಂದಿರ್ತೀನಿ."

ಇಷ್ಟಕ್ಕೆ ಸುಮ್ಮನಿದ್ದರೆ ಅವರು ಹೆಡ್ಮಾಸ್ಟರೇ? ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಒಂದೇ ವಾರ! ಅಂಗೈಯಲ್ಲಿ ಊಟ ಮಾಡಿಸ್ತೀನಿ!" ಎಂದು ಡಂಗುರ ಹೊಡೆದು ಬಂದರು. ಇನ್ನು ಮೀನು ವಾಪಸ್ ಹೋದರೆ ಮಾನವೂ ಅದೇ ಬಕೆಟ್ಟಿನಲ್ಲಿ ಹೋದಂತೆ.

ಮನೆಯಲ್ಲಿ ಹೊಸ ಆಡಳಿತ ಬಂತು. ಗೋಡೆಗೆ ನಿಯಮಾವಳಿ ಅಂಟಿತು. ಮಿಕ್ಸಿ ಹಾಕಕೂಡದು. ಬಾಗಿಲು ಧಡ್ ಅನ್ನಿಸಕೂಡದು. ತೊಟ್ಟಿಗೆ ಯಜಮಾನರನ್ನು ಬಿಟ್ಟು ಬೇರಾರೂ ಕೈ ಹಾಕಕೂಡದು. ದಿನಾ ನಾಲ್ಕು ಬಕೆಟ್ ನೀರು ತೆಗೆದು, ಉಗುರುಬೆಚ್ಚಗಿನ ನೀರು ತುಂಬಬೇಕು. ಹೆಡ್ಮಾಸ್ಟರು ಪೈಪಿಗೆ ಬಾಯಿಟ್ಟು ನೀರೆಳೆಯಲು ಹೋಗಿ ಮೊದಲ ದಿನವೇ ಅರ್ಧ ಲೋಟ ಕುಡಿದರು. ಎರಡನೇ ದಿನ ಪೈಪು ಬಕೆಟ್ಟಿನಿಂದ ಜಾರಿತು, ನೀರು ಸೋಫಾದಡಿಗೆ ಹೋಯಿತು, ಹೆಡ್ಮಾಸ್ಟರು ಅದರ ಹಿಂದೆಯೇ ಜಾರಿಕೊಂಡು ಹೋದರು.

"ರೀ! ಐಸ್‌ಕ್ರೀಮ್ ಪಕ್ಕ ಫ್ರಿಜ್ಜಲ್ಲಿರೋ ಕೆಂಪು ಗಡ್ಡೆ ಏನ್ರೀ?"

"ಹುಳ ಕಣೇ. ಮೀನಿನ ಊಟ."

"ಅಯ್ಯೋ ನಿಮ್ಮ! ನಾನು ಸ್ಟ್ರಾಬೆರಿ ಅಂದ್ಕೊಂಡಿದ್ದೆ!"

ಇಷ್ಟೆಲ್ಲ ಆದರೂ ಮೀನು ಕೈಗೆ ಬರಬೇಕಲ್ಲ! ದಿನಾ ಬೆಳಿಗ್ಗೆ ಹೆಡ್ಮಾಸ್ಟರು ಗರಿಗರಿ ಬಿಳಿ ಅಂಗಿ ತೊಟ್ಟು, ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದು ಗಾಜಿಗೆ ಟಕಟಕ ಬಡಿದು, "ಎಲ್ಲರೂ ಸಾಲಾಗಿ ಬನ್ನಿ!" ಎನ್ನುವರು. ಆರೂ ಮೀನು ಹೆದರಿ ಮೈ ಕಪ್ಪಿಟ್ಟು, ತೊಟ್ಟಿಯೊಳಗೆ ಅಲಂಕಾರಕ್ಕಿಟ್ಟ ಮರದ ಬೇರಿನ ಹಿಂದೆ ಅಡಗುವವು. ಹುಳ ತಳಕ್ಕಿಳಿಯುವುದು. ಹೆಡ್ಮಾಸ್ಟರು ಶಾಲೆಗೆ ಹೋಗಿ ಮಕ್ಕಳ ಮೇಲೆ ರೇಗುವರು. ವಾರ ಕಳೆಯುವಷ್ಟರಲ್ಲಿ ಅವರಿಗೇ ಅನ್ನ ಸೇರದಾಯಿತು. ಪಾಪ, ಅವರಿಗೆ ಆ ಮೀನುಗಳ ಮೇಲೆ ನಿಜವಾಗಿಯೂ ಜೀವ ಹತ್ತಿಬಿಟ್ಟಿತ್ತು.

ಗುರುವಾರ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದು ನೋಡುತ್ತಾರೆ, ನರ್ಸಮ್ಮ ಹಳದಿ ಹೂವಿನ ನೈಟಿಯಲ್ಲಿ ತೊಟ್ಟಿಯ ಧೂಳು ಒರೆಸುತ್ತಿದ್ದಾರೆ. ಆರೂ ಮೀನು ಗಾಜಿಗೆ ಮೂತಿ ಒತ್ತಿ ಬಾಲ ಅಲ್ಲಾಡಿಸುತ್ತಿವೆ!

ಹೆಡ್ಮಾಸ್ಟರ ಮೆದುಳಿನಲ್ಲಿ ಗಂಟೆ ಹೊಡೆಯಿತು. ಕ್ಲಿನಿಕ್ಕಿನಲ್ಲಿ ಡಾಕ್ಟರನ್ನು ಕಂಡೂ ಇವು ಹೀಗೇ ಓಡಿದ್ದವು. ಡಾಕ್ಟರ ಕೋಟು ಬಿಳಿ, ನನ್ನ ಅಂಗಿ ಬಿಳಿ. ಅಂದರೆ ಮೀನಿಗೆ ಬಿಳಿ ಕಂಡರೆ ಭಯ, ಹಳದಿ ಕಂಡರೆ ಪ್ರೀತಿ! ಶುಕ್ರವಾರ ಹಳದಿ ಅಂಗಿ ತಂದು ತೊಟ್ಟರು, ಸ್ಕೇಲು ಬಡಿದರು. ಊಹೂಂ. ಶನಿವಾರವೂ ಅಷ್ಟೇ. ಹಳದಿ ಸಾಲದು, ಹೂವೂ ಬೇಕು!

ಡಾಕ್ಟರು ಬರುವ ಭಾನುವಾರ, ಬೆಳಿಗ್ಗೆ ಏಳೂವರೆ. ಹೆಂಡತಿ ಇನ್ನೂ ಬಂದಿಲ್ಲ. ಹೆಡ್ಮಾಸ್ಟರು ಹಾಲಿನವನಿಗಾಗಿ ಬಾಗಿಲಿನ ಚಿಲಕ ತೆಗೆದಿಟ್ಟು, ಆಚೀಚೆ ನೋಡಿ, ನೈಟಿಯೊಳಗೆ ತೂರಿಕೊಂಡರು. ಹೊಟ್ಟೆಯ ಬಳಿ ಜಿಪ್ಪು ಬನಿಯನ್ನನ್ನು ಕಚ್ಚಿ ನಿಂತಿತು. ನಿಲ್ಲಲಿ! ಅಂಗೈಯಲ್ಲಿ ಹುಳ ಹಿಡಿದು ಮೆಲ್ಲಗೆ ನೀರಿಗೆ ಕೈ ಇಟ್ಟರು. ಒಂದು ಮೀನು ಇಣುಕಿತು. ಬಂತು. ಕಚ್ಚಿತು! ಹೆಡ್ಮಾಸ್ಟರ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಬಾಗಿಲು ತೆರೆಯಿತು.

"ಕ್ಲಿನಿಕ್ಕಿಗೆ ಹೋಗೋ ದಾರೀಲಿ ಬೇಗನೇ ಬಂದೆ ಮೇಷ್ಟ್ರ..." ಎಂದ ಡಾಕ್ಟರು ಅಲ್ಲೇ ಕಲ್ಲಾದರು. ಬಿಳಿ ಕೋಟು, ಕೈಯಲ್ಲಿ ಬಕೆಟ್ಟು, ಬಗಲಲ್ಲಿ ಬ್ಯಾಗು. ಅವರನ್ನು ಕಂಡದ್ದೇ ತಡ, ಮೀನುಗಳು ಬೇರಿನ ಹಿಂದೆ ದೌಡು!

ಹೆಡ್ಮಾಸ್ಟರು ಜಿಪ್ಪು ಎಳೆದರು. ಜಪ್ಪಯ್ಯ ಅನ್ನಲಿಲ್ಲ. ಇನ್ನು ನಾಚಿ ಪ್ರಯೋಜನವೇನು? "ಹಿಂದೆ ಸರಿಯಿರಿ ಡಾಕ್ಟ್ರೇ!" ಎಂದು ಸೇನಾಪತಿಯ ಗತ್ತಿನಲ್ಲಿ ಅಬ್ಬರಿಸಿ, ಹೂವಿನ ತೋಳು ಮಡಚಿ, ಕೈ ಇಳಿಸಿದರು. ಒಂದು ಬಂತು. ಎರಡು ಬಂತು. ಆರೂ ಬಂದು ಅಂಗೈ ಮೇಲೆ ಮುಗಿಬಿದ್ದವು! ಡಾಕ್ಟರ ಕೈಯಿಂದ ಬಕೆಟ್ಟು ಜಾರಿತು.

"ನೋಡಿದ್ರಾ? ಇದು ಬಣ್ಣದ ಶಾಸ್ತ್ರ ಡಾಕ್ಟ್ರೇ! ಬಿಳಿ ಕಂಡರೆ ಇವಕ್ಕೆ ಆಗಲ್ಲ. ನಾನೇ ಸಂಶೋಧಿಸಿದ್ದು!"

ಆಗ ನರ್ಸಮ್ಮ ಬಂದರು. ಅಡಿಯಿಂದ ಮುಡಿಯವರೆಗೆ ಬಿಳಿ ಯೂನಿಫಾರಂ. ಮೀನುಗಳು ಹೆಡ್ಮಾಸ್ಟರ ಅಂಗೈಯಲ್ಲಿದ್ದ ಊಟವನ್ನು ಅರ್ಧಕ್ಕೇ ಬಿಟ್ಟು ಆ ತುದಿಗೆ ಓಡಿ ಸಾಲಾಗಿ ನಿಂತವು.

"ಏನ್ರೋ ಮರಿಗಳಾ, ಹಸಿವಾಯ್ತಾ?"

"ಬಿಳಿ... ನೀನು ಬಿಳಿ ಹಾಕಿದ್ದೀಯಲ್ಲೇ!" ಹೆಡ್ಮಾಸ್ಟರು ತೊದಲಿದರು.

"ಅವಕ್ಕೆ ಬಿಳಿ ಕಂಡರೆ ಭಯ ಅಂತ ಯಾರಂದ್ರು? ಡಾಕ್ಟ್ರು ಬಲೆ ಹಾಕಿ ಹಿಡಿದವರು, ಅದಕ್ಕೆ ಹೆದರ್ತವೆ. ನೀವು ಸ್ಕೇಲ್ ಬಡಿಯೋರು, ಅದಕ್ಕೆ ಹೆದರ್ತವೆ. ನೈಟಿಗೆ ಜೇಬಿಲ್ಲ, ಸ್ಕೇಲ್ ಇಲ್ಲ, ಇವತ್ತು ಬಂದವು. ಮಧ್ಯಾಹ್ನ ಮಧ್ಯಾಹ್ನ ನಾನು ತಿನ್ನಿಸದಿದ್ರೆ ಇಷ್ಟು ದಿನ ಏನು ಗಾಳಿ ಕುಡಿದು ಬದುಕಿದ್ವಾ?"

ಹೆಡ್ಮಾಸ್ಟರು ಗೋಡೆಯ ಮೇಲಿನ ನಿಯಮಾವಳಿಗೆ ಬೆನ್ನು ತಿರುಗಿಸಿದರು. ಡಾಕ್ಟರು ನಗು ನುಂಗಿಕೊಂಡು ಖಾಲಿ ಬಕೆಟ್ಟು ಎತ್ತಿಕೊಂಡರು. "ಮಾತು ಮಾತೇ. ಮೇಷ್ಟ್ರ ಕೈಯಿಂದ ತಿಂದಿವೆ. ಮೀನು ಈ ಮನೆಯವೇ!"

ಗೆದ್ದೆವು! ಹೆಡ್ಮಾಸ್ಟರು ಎದೆ ಉಬ್ಬಿಸಿದರು. ಜಿಪ್ಪು ಈ ಸಲ ಹೊಟ್ಟೆಯನ್ನೇ ಕಚ್ಚಿತು, "ಅಮ್ಮಾ!" ಎಂದು ಚೀರಿದರು.

"ಡಾಕ್ಟ್ರೇ, ಹಾಗೇ ಹೋಗಬೇಡಿ," ಎಂದರು ನರ್ಸಮ್ಮ. "ಬ್ಯಾಗಲ್ಲಿ ಹಲ್ಲು ಕೀಳೋ ಇಕ್ಕಳ ಇದೆಯಲ್ಲ? ಇವರನ್ನ ನನ್ನ ನೈಟಿಯಿಂದ ಕಿತ್ತು ಕೊಟ್ಟು ಹೋಗಿ."

ಹೆಡ್ಮಾಸ್ಟರನ್ನು ಸೋಫಾ ಮೇಲೆ ಮಲಗಿಸಿ ಡಾಕ್ಟರು ಇಕ್ಕಳ ತೆಗೆದರು. ಅಭ್ಯಾಸಬಲ, ಹೆಡ್ಮಾಸ್ಟರು ಆ ಎಂದು ಬಾಯಿ ತೆರೆದರು.

"ಬೇಡ ಮೇಷ್ಟ್ರೇ," ಎಂದರು ಡಾಕ್ಟರು. "ಈ ಮನೇಲಿ ನೀವು ಬಾಯಿ ಮುಚ್ಚಿಕೊಂಡಿದ್ರೇನೇ ಎಲ್ಲಾ ಸರಿಹೋಗುತ್ತೆ."