ಇಂಗಿನಲ್ಲಿ ಗೋಧಿ, ಮಹಡಿಯಲ್ಲಿ ಗ್ರೀಸ್

‘ನನಗೆ ಗೊತ್ತಿಲ್ಲ’ ಎಂಬ ಎರಡು ಪದ ಹೇಳಲು ಬೇರೆಯವರಿಗೆ ಯಾವ ಕಷ್ಟವೂ ಇರಲಿಕ್ಕಿಲ್ಲ. ಪಾಠ ಹೇಳಿ ಬದುಕಿದವರಿಗೆ ಮಾತ್ರ ಅವು ಗಂಟಲಿಂದ ಮೇಲೆ ಬರುವುದಿಲ್ಲ. ನಾನು ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗೃಹವಿಜ್ಞಾನ ಕಲಿಸಿದವಳು. ಯಾವುದರಲ್ಲಿ ಕಬ್ಬಿಣ, ಯಾವುದರಲ್ಲಿ ಸುಣ್ಣ, ಯಾವುದನ್ನು ತಿಂದರೆ ಕಣ್ಣಿಗೆ ಒಳ್ಳೆಯದು ಎಂದು ಹೇಳಿ ಹೇಳಿ ಅದು ನಾಲಗೆಗೆ ಅಂಟಿಕೊಂಡುಬಿಟ್ಟಿದೆ. ನಿವೃತ್ತಿಯಾದ ಮೇಲೆ ಕೇಳಲು ಹುಡುಗಿಯರಿಲ್ಲದ್ದರಿಂದ ಗಾಂಧಿ ಬಜಾರಿನಲ್ಲಿ ಪಕ್ಕದಲ್ಲಿ ನಿಂತು ಸೊಪ್ಪು ಆರಿಸುವವರಿಗೆ ಹೇಳತೊಡಗಿದೆ. “ಟೀಚರ್, ಕಟ್ಟು ತಗೊಳ್ತೀರೋ, ಪಾಠ ಮಾಡ್ತೀರೋ? ಹಿಂದೆ ಜನ ನಿಂತವ್ರೆ” ಎಂದು ಸೊಪ್ಪಿನ ಗೌರಮ್ಮ ಒಮ್ಮೆ ಎಲ್ಲರೆದುರು ಕೇಳಿದ್ದಳು. ಆಗಲಾದರೂ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅದಕ್ಕೆ ಎಲೇನಿ ಬರಬೇಕಾಯಿತು.

ತ್ಯಾಗರಾಜನಗರದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ಗ್ರೀಸ್ ದೇಶದ ಹೆಂಗಸು ಎಲೇನಿ. ವಯಸ್ಸು ಹೆಚ್ಚು ಕಡಿಮೆ ನನ್ನಷ್ಟೇ, ಅರವತ್ತರ ಆಚೆ ಈಚೆ. ಪಕ್ಕದ ಅಡ್ಡರಸ್ತೆಯಲ್ಲಿರುವ ವಯಸ್ಸಾದ ವಿದ್ವಾಂಸರೊಬ್ಬರ ಹತ್ತಿರ ವೀಣೆ ಕಲಿಯಲು ಅಷ್ಟು ದೂರದಿಂದ ಬಂದಿದ್ದಳು. ವೀಣೆಯ ಜೊತೆಗೆ ಕನ್ನಡವನ್ನೂ ಅವರಿಂದಲೇ ಕಲಿಯುತ್ತಿದ್ದಳು. ಬೀದಿಯವರೆಲ್ಲ ಒಂದೇ ವಾರದಲ್ಲಿ ಅವಳನ್ನು ಎಲೇನಮ್ಮ ಮಾಡಿಬಿಟ್ಟರು. ಅವಳು ಬಂದ ಮರುದಿನವೇ ನಾನು ತಟ್ಟೆಯಲ್ಲಿ ಎರಡು ಚಿರೋಟಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಅವಳು ತಟ್ಟೆ ನೋಡಿದಳು, ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಅಂದಳು. “ನೋ ಸ್ವೀಟ್” ಎಂದು ಕೇಳಿಸಿತು. ಅಯ್ಯೋ ಪಾಪ, ಸಕ್ಕರೆ ಕಾಯಿಲೆ ಎಂದುಕೊಂಡೆ. ಸಕ್ಕರೆ ಕಾಯಿಲೆಗೆ ಏನು ಕೊಡಬೇಕೆಂದು ನನಗೆ ಯಾರಾದರೂ ಹೇಳಿಕೊಡಬೇಕೇ? ಅಕ್ಕಿ ಬಿಡಬೇಕು, ಗೋಧಿ ಹಿಡಿಯಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕಿಯ ತಿಂಡಿ ಮಾಡಿದ ದಿನ ಮೇಲಕ್ಕೆ ಏನೂ ಕಳಿಸುತ್ತಿರಲಿಲ್ಲ. ಚಪಾತಿ, ಗೋಧಿ ದೋಸೆ, ರವೆ ಇಡ್ಲಿ, ತರಕಾರಿ ಹಾಕಿದ ಉಪ್ಪಿಟ್ಟು ಮಾಡಿದ ದಿನ ಮಾತ್ರ ತಪ್ಪದೆ ಒಯ್ಯುತ್ತಿದ್ದೆ.

ಅವಳು ಒಂದನ್ನೂ ತಿನ್ನಲಿಲ್ಲ. ಪ್ರತಿ ಸಲವೂ ಅದೇ ಎದೆಯ ಮೇಲಿನ ಕೈ, ಅದೇ “ನೋ ಸ್ವೀಟ್”. ಉಪ್ಪಿಟ್ಟಿಗೂ ನೋ ಸ್ವೀಟ್ ಎನ್ನುತ್ತಾಳಲ್ಲ, ಇವಳಿಗೆ ಉಪ್ಪು ಸಕ್ಕರೆ ವ್ಯತ್ಯಾಸ ತಿಳಿಯದೇ ಎಂದು ಒಮ್ಮೆಯೂ ನನಗೆ ಅನುಮಾನ ಬರಲಿಲ್ಲ ನೋಡಿ. ಬಲವಂತ ಮಾಡಿದರೆ ಹುಬ್ಬು ಏರಿಸಿ, ಗದ್ದವನ್ನು ಮೇಲಕ್ಕೆ ಎತ್ತಿ ‘ಚ್’ ಎನ್ನುತ್ತಿದ್ದಳು. ಅವರ ದೇಶದಲ್ಲಿ ಅದು ‘ಬೇಡ’ ಅನ್ನುವ ರೀತಿಯಂತೆ. ನಮ್ಮಲ್ಲಿ ಗದ್ದ ಎತ್ತಿದರೆ ‘ಏನೀಗ?’ ಎಂದು ಜಗಳಕ್ಕೆ ಕರೆದ ಹಾಗೆ. ನಾನು ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರತೊಡಗಿದೆ. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಎಲೇನಮ್ಮ ನನ್ನ ಉಪ್ಪಿಟ್ಟನ್ನು ಬೀದಿಯ ಹಸುವಿಗೆ ತಿನ್ನಿಸುತ್ತಿದ್ದಾಳೆ! ಗೋಡಂಬಿ ಹಾಕಿದ ಉಪ್ಪಿಟ್ಟು! ಹಸು ಕಣ್ಣುಮುಚ್ಚಿಕೊಂಡು ಸವಿಯುತ್ತಿದೆ, ಇವಳು ಅದರ ಕತ್ತು ಸವರುತ್ತಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಒಳಗೆ ಹೋಗಿ, ಪೇಪರ್ ಓದುತ್ತಿದ್ದ ನಮ್ಮ ಯಜಮಾನರಿಗೆ ಹೇಳಿದೆ: “ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಲಿ ಅವ್ಳು. ನಮ್ಮ ನೆಂಟರು ಬರ್ತಾರೆ, ಮನೆ ಬೇಕು ಅಂತ ಹೇಳಿ ಬನ್ನಿ.”

ನಮ್ಮ ಯಜಮಾನರು ನಂಜುಂಡಪ್ಪನವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಜಗಳವೆಂದರೆ ಮಾರು ದೂರ. “ಯಾವ ನೆಂಟರು?” ಎಂದರು. “ಯಾರೋ ಒಬ್ರು! ಹೋಗಿ ಹೇಳಿ ಅಂದ್ರೆ ಹೇಳಿ” ಎಂದೆ. ಹೋದರು, ಅರ್ಧ ಗಂಟೆ ಬಿಟ್ಟು ಬಂದರು, “ಆಯ್ತು, ಹೋಗ್ತಾರಂತೆ” ಎಂದು ಮತ್ತೆ ಪೇಪರ್ ಹಿಡಿದರು. ನಾನು ಗೆದ್ದೆ ಎಂದುಕೊಂಡೆ.

ಇದಾದ ಹತ್ತು ದಿನಕ್ಕೆ ನಾನು ಬಸವನಗುಡಿಯ ಡಾಕ್ಟರ ಎದುರು ಕೂತಿದ್ದೆ. ಎರಡು ವರ್ಷದಿಂದ ನನಗೆ ಸುಸ್ತು, ಹೊಟ್ಟೆಯುಬ್ಬರ. ರಕ್ತದಲ್ಲಿ ಕಬ್ಬಿಣ ಕಡಿಮೆ. ಊರಿಗೆಲ್ಲ ಕಬ್ಬಿಣದ ಪಾಠ ಮಾಡಿದವಳ ರಕ್ತದಲ್ಲೇ ಕಬ್ಬಿಣವಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ನುಗ್ಗೆಸೊಪ್ಪು ತಿಂದೆ, ಖರ್ಜೂರ ತಿಂದೆ, ಕಬ್ಬಿಣದ ಬಾಣಲೆಯಲ್ಲಿ ಪಲ್ಯ ಮಾಡಿ ತಿಂದೆ. ಏನೂ ಏರಲಿಲ್ಲ. ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿಸಿ, ಕೊನೆಗೆ ಕಾಗದ ನನ್ನ ಮುಂದಿಟ್ಟಳು. “ಆಂಟಿ, ಇದು ಸೀಲಿಯಾಕ್ ಅಂತ. ಗೋಧಿಯಲ್ಲಿರೋ ಗ್ಲುಟೆನ್ ನಿಮ್ಮ ಕರುಳನ್ನ ಹಾಳು ಮಾಡ್ತಿದೆ. ಅದಕ್ಕೇ ತಿಂದಿದ್ದು ಯಾವುದೂ ಮೈಗೆ ಹತ್ತುತ್ತಿಲ್ಲ.” ಗ್ಲುಟೆನ್! ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಚಪಾತಿ ಮೆದುವಾಗಿ ಬರುವುದು ಇದರ ಕೃಪೆಯಿಂದ ಎಂದು ಮೂವತ್ತು ವರ್ಷ ನಾನು ಹೊಗಳಿದ ಗ್ಲುಟೆನ್! “ಎಷ್ಟು ದಿನ ಬಿಡ್ಬೇಕಮ್ಮ?” ಎಂದೆ. “ದಿನ ಅಲ್ಲ ಆಂಟಿ, ಲೈಫ್ ಪೂರ್ತಿ. ಯಾರಾದ್ರೂ ತಿಂಡಿ ಕೊಟ್ರೆ ಮೊದಲೇ ಹೇಳ್ಬಿಡಿ, ನೋ ವೀಟ್ ಅಂತ.”

ನೋ ವೀಟ್. ಎಲ್ಲೋ ಕೇಳಿದ ಮಾತು. ಎಲ್ಲಿ ಎಂದು ಯೋಚಿಸುವಷ್ಟರಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡ ಎಲೇನಿ ಕಣ್ಣೆದುರು ಬಂದು ನಿಂತಳು. ನೋ ಸ್ವೀಟ್ ಅಲ್ಲ, ನೋ ವೀಟ್! ಆರು ತಿಂಗಳಿಂದ ನಾನು ಆ ಹೆಂಗಸಿಗೆ ಅಕ್ಕಿಯದನ್ನೆಲ್ಲ ಬಚ್ಚಿಟ್ಟು, ಆರಿಸಿ ಆರಿಸಿ ಗೋಧಿಯದನ್ನೇ ಕಳಿಸಿದ್ದೆ. ವಿಷ ಹಾಕಬೇಕೆಂದು ಪಣ ತೊಟ್ಟವರಿಗೂ ಇಷ್ಟು ಶಿಸ್ತು ಇರುವುದಿಲ್ಲ. ಸಾಲದ್ದಕ್ಕೆ, ತಿನ್ನಲಿಲ್ಲವೆಂದು ಮನೆಯನ್ನೂ ಬಿಡಿಸಿದ್ದೆ.

ಮರುದಿನ ಮಧ್ಯಾಹ್ನ ಡಾಕ್ಟರ ಕಾಗದವೊಂದನ್ನೇ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದವಳು ಮೊದಲು ನನ್ನ ಕೈ ನೋಡಿದಳು, ತಟ್ಟೆ ಇಲ್ಲದ್ದು ಕಂಡು ಅವಳ ಮುಖ ಅರಳಿತು. “ದಯವಿಟ್ಟು ಆಸೀನರಾಗಿ” ಎಂದಳು. ವೀಣೆ ಮೇಷ್ಟರು ಕಲಿಸಿದ ಕನ್ನಡ ಅದು. ಆಸೀನಳಾಗಲು ಕುರ್ಚಿ ಇರಲಿಲ್ಲ. ಅಡುಗೆಮನೆಯದು ಬಿಟ್ಟು ಸಾಮಾನೆಲ್ಲ ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು. ಮಲ್ಲೇಶ್ವರದಲ್ಲಿ ಮನೆ ನೋಡಿಯಾಗಿದೆ ಎಂದಳು. ನಾನು ಒಂದು ಪೆಟ್ಟಿಗೆಯ ಮೇಲೆ ಕೂತು ಡಾಕ್ಟರ ಕಾಗದವನ್ನು ಅವಳ ಕೈಗೆ ಕೊಟ್ಟೆ. ಓದಿದಳು. ಕಾಗದ ಮಡಿಸಿ ನನ್ನ ಪಕ್ಕದಲ್ಲಿ ಬಂದು ಕೂತಳು. ತನಗೂ ಮೂವತ್ತನೆಯ ವಯಸ್ಸಿನಲ್ಲಿ ಇದೇ ಕಾಯಿಲೆ ಎಂದು ಗೊತ್ತಾಯಿತಂತೆ. ಅವರ ಕಡೆ ಬ್ರೆಡ್ ಇಲ್ಲದೆ ಊಟವೇ ಇಲ್ಲ. ಇಗರ್ಜಿಯಲ್ಲಿ ಹಂಚುವ ಪ್ರಸಾದವೂ ಬ್ರೆಡ್ಡೇ. ಮಗಳು ದೇವರ ಪ್ರಸಾದಕ್ಕೂ ಎರವಾದಳಲ್ಲ ಎಂದು ಅವರಮ್ಮ ಅತ್ತಿದ್ದರಂತೆ. ನನಗೆ ಥಟ್ಟನೆ ಸತ್ಯನಾರಾಯಣ ಪೂಜೆಯ ಸಜ್ಜಿಗೆ ನೆನಪಾಯಿತು. ಗೋಧಿ ರವೆ! ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಬಂದೇಬಿಟ್ಟಿತು. ಚಪಾತಿಗೆ ಅಳದವಳು ಸಜ್ಜಿಗೆಗೆ ಅತ್ತೆ.

ಎಲೇನಿ ನನ್ನನ್ನು ಬಹಳ ಹೊತ್ತು ಅಳಲು ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ನನ್ನ ಅಡುಗೆಮನೆಗೆ ಇಳಿದು ಬಂದಳು. ಡಬ್ಬಗಳನ್ನೆಲ್ಲ ಇಳಿಸಿ ಒಂದೊಂದರ ಮೇಲಿನ ಸಣ್ಣ ಅಕ್ಷರ ಓದತೊಡಗಿದಳು. ರವೆ, ಮೈದಾ, ಶ್ಯಾವಿಗೆ, ಬಿಸ್ಕತ್ತು ಒಂದು ಕಡೆ ಹೋದವು. ಅಕ್ಕಿಹಿಟ್ಟಿನ ಡಬ್ಬ ಎತ್ತಿ, ಎಲ್ಲಿ ಬೀಸಿಸಿದ್ದು ಎಂದು ಕೇಳಿದಳು. ಫ್ಲೋರ್ ಮಿಲ್ಲಿನಲ್ಲಿ ಎಂದೆ. ಅಲ್ಲಿ ಗೋಧಿಯನ್ನೂ ಅದೇ ಯಂತ್ರದಲ್ಲಿ ಬೀಸುತ್ತಾರೆಯೇ ಎಂದಳು. ಡಬ್ಬ ಆ ಕಡೆ ಹೋಯಿತು. ಆಮೇಲೆ ಅಂಗೈಯಗಲದ ಇಂಗಿನ ಡಬ್ಬಿ ಹಿಡಿದುಕೊಂಡು ಓದಿದಳು, ಮತ್ತೊಮ್ಮೆ ಓದಿದಳು, ಅದನ್ನೂ ಆ ಕಡೆ ಇಟ್ಟಳು.

“ಎಲೇನಿ, ಅದು ಇಂಗು. ಇಂಗಿಗೂ ಗೋಧಿಗೂ ಏನು ಸಂಬಂಧ?” ಎಂದು ನಾನು ನಕ್ಕೆ. ಪಾಪ, ಅವಳಿಗೇನು ಗೊತ್ತು ಎನ್ನುವ ನಗು. ಅವಳು ಡಬ್ಬಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಸಾರು, ಹುಳಿ, ಮಜ್ಜಿಗೆ, ಉಪ್ಪಿನಕಾಯಿ, ಒಗ್ಗರಣೆ ಬಿದ್ದದ್ದೆಲ್ಲವೂ ಹೋಯಿತು. ಗೃಹವಿಜ್ಞಾನದ ಟೀಚರಾಗಿ ಒಮ್ಮೆಯಾದರೂ ಆ ಡಬ್ಬಿಯನ್ನು ತಿರುಗಿಸಿ ನೋಡಿದ್ದೆನೇ? ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ನಿಧಾನವಾಗಿ ಕೇಳಿದರು: “ಅಂದ್ರೆ ಇಷ್ಟು ವರ್ಷ ನಾವು ತಿಳಿಸಾರಿಗೆ ಚಪಾತಿ ಕಲಸ್ಕೊಂಡು ಕುಡೀತಿದ್ವಾ?”

ಹಾಗಾದರೆ ನಾನು ತಿನ್ನುವುದು ಏನು? ಎಲೇನಿ ಅದಕ್ಕೆ ತನ್ನ ಅಜ್ಜಿಯನ್ನು ಕರೆತಂದಳು, ಮಾತಿನಲ್ಲಿ. ಅವರ ಹಳ್ಳಿಯಲ್ಲಿ ಉಪವಾಸದ ದಿನಗಳು ಬಹಳವಂತೆ. ಆ ದಿನಗಳಲ್ಲಿ ಅಜ್ಜಿ ಮಾಡುತ್ತಿದ್ದುದು ಕಾಳು, ಸೊಪ್ಪು, ಅಕ್ಕಿ ತುಂಬಿದ ತರಕಾರಿ. ಬ್ರೆಡ್ಡು ಪಕ್ಕದಲ್ಲಿ ಇಡುತ್ತಿದ್ದರು, ಅದನ್ನು ತೆಗೆದಿಟ್ಟರೆ ಉಳಿದದ್ದರಲ್ಲಿ ಗೋಧಿಯ ಸುಳಿವಿಲ್ಲ. ಮರುದಿನದಿಂದ ನಾನು ಮಹಡಿಯ ಅಡುಗೆಮನೆಯಲ್ಲಿ ನೋಟ್ ಬುಕ್ ಹಿಡಿದು ನಿಂತೆ. ಮೊದಲ ದಿನ ಡಬಲ್ ಬೀನ್ಸ್ ಬೇಯಿಸಿ, ಟೊಮ್ಯಾಟೊ ಹಿಂಡಿ, ಅದರ ಮೇಲೆ ಅವಳು ಆಲಿವ್ ಎಣ್ಣೆಯನ್ನು ಧಾರೆಯಾಗಿ ಸುರಿದಳು. ನಾನು ಕಂಡಂತೆ ಆಲಿವ್ ಎಣ್ಣೆ ಎಂದರೆ ಔಷಧಿ ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿ ತಂದು ಎಳೆಮಗುವಿನ ಮೈಗೆ ತಿಕ್ಕುವುದು. “ಅಯ್ಯೋ, ಅದು ಮಗುಗೆ ಹಚ್ಚೋದು!” ಎಂದು ಕೂಗಿಯೇಬಿಟ್ಟೆ. ಅವಳು ಗಾಬರಿಯಿಂದ ಸುತ್ತ ನೋಡಿದಳು, ಮಗು ಎಲ್ಲಿ ಎಂದು.

ಎರಡನೆಯ ದಿನ ಹಿಂದಿನ ಬೀದಿಯ ಮನೆಯ ಚಪ್ಪರದಿಂದ ದ್ರಾಕ್ಷಿ ಎಲೆ ಕೇಳಿ ತಂದೆವು. ಹಣ್ಣು ಬಿಟ್ಟು ಎಲೆ ಕೇಳುವ ನಮ್ಮಿಬ್ಬರನ್ನು ಆ ಮನೆಯಾಕೆ ಮೇಲಿಂದ ಕೆಳಗೆ ನೋಡಿದರು. ಎಲೆಯನ್ನು ಬಿಸಿನೀರಿಗೆ ಹಾಕಿ ತೆಗೆದು, ಅಕ್ಕಿ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಇಟ್ಟು ಬೆರಳಿನಷ್ಟು ಸುರುಳಿ ಸುತ್ತಿ, ನಿಂಬೆರಸದಲ್ಲಿ ಬೇಯಿಸಿದಳು. ಅದರ ಹೆಸರು ಡೋಲ್ಮಾದೆಸ್. ಸಬ್ಬಸಿಗೆ ನಮ್ಮದು, ನಮ್ಮ ಗೌರಮ್ಮನ ಬುಟ್ಟಿಯದು ಎಂದೇ ನಂಬಿದ್ದೆ. ಅವಳ ಅಜ್ಜಿಯೂ ಕಟ್ಟುಗಟ್ಟಲೆ ಸಬ್ಬಸಿಗೆ ಹೆಚ್ಚುತ್ತಿದ್ದಳಂತೆ! ಮೂರನೆಯ ದಿನದ ‘ಫಾವಾ’ ನೋಡಿದರೆ ನಮ್ಮ ತೊವ್ವೆ. ಒಗ್ಗರಣೆಯ ಬದಲು ಹಸಿ ಈರುಳ್ಳಿ, ನಿಂಬೆರಸ, ಮತ್ತದೇ ಎಳೆಮಗುವಿನ ಎಣ್ಣೆ. ಸೌತೆಕಾಯಿಯ ಮೊಸರುಬಜ್ಜಿಗೂ ಅವರಲ್ಲಿ ಬೇರೆ ಹೆಸರಿದೆ ಅಷ್ಟೆ. ನಮ್ಮ ಯಜಮಾನರು ಎಲ್ಲವನ್ನೂ ತಿಂದು, “ಚೆನ್ನಾಗಿದೆ. ಆದ್ರೆ ಒಗ್ಗರಣೆ ಹಾಕೋದು ಮರ್ತಿದೀರ” ಎಂದು ಪ್ರತಿದಿನ ಹೇಳಿದರು. ಎರಡು ವಾರ ಮುಗಿಯುವ ಹೊತ್ತಿಗೆ ನನ್ನ ಹೊಟ್ಟೆಯುಬ್ಬರ ಇಳಿದಿತ್ತು. ಮಹಡಿಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತಿದ್ದೆ.

ತಿಂಗಳ ಕೊನೆ ಮಾತ್ರ ಹತ್ತಿರ ಬರುತ್ತಿತ್ತು. ದಿನಾ ಹೇಳಬೇಕೆಂದು ಹೋಗುತ್ತಿದ್ದೆ, ದಿನಾ ಅಡುಗೆಯ ವಿಷಯ ಮಾತಾಡಿ ಇಳಿದು ಬರುತ್ತಿದ್ದೆ. ಕೊನೆಗೆ ಸಾಮಾನಿನ ಗಾಡಿ ಗೇಟಿನ ಮುಂದೆ ನಿಂತ ಬೆಳಿಗ್ಗೆ ಧೈರ್ಯ ಮಾಡಿದೆ. “ಎಲೇನಿ, ನಮಗೆ ಯಾವ ನೆಂಟರೂ ಬರ್ತಿಲ್ಲ. ನಿಮ್ಮನ್ನ ಕಳಿಸಿದ್ದು ನಾನು. ಉಪ್ಪಿಟ್ಟನ್ನ ಹಸುಗೆ ಕೊಟ್ರಿ ಅಂತ ಸಿಟ್ಟು ಬಂದಿತ್ತು. ಕ್ಷಮಿಸಿಬಿಡಿ. ಹೋಗ್ಬೇಡಿ.”

“ನನಗೆ ತಿಳಿದಿದೆ” ಎಂದಳು ಅವಳು ಶಾಂತವಾಗಿ. “ನಿಮ್ಮ ಯಜಮಾನರು ಅಂದೇ ಎಲ್ಲವನ್ನೂ ತಿಳಿಸಿದರು.”

ತಿರುಗಿ ನೋಡಿದರೆ ನಮ್ಮ ಯಜಮಾನರು ಪೆಟ್ಟಿಗೆಯೊಂದಕ್ಕೆ ಹಗ್ಗ ಬಿಗಿಯುತ್ತ, ತಲೆ ಎತ್ತದೆ ಅಂದರು: “ಏನ್ ಮಾಡ್ಲಿ? ಸುಳ್ಳು ಹೇಳೋ ಅಷ್ಟು ಇಂಗ್ಲಿಷ್ ನಂಗೆ ಬರಲ್ಲ. ನಿಜ ಹೇಳೋಕೆ ನಾಲ್ಕು ವರ್ಡ್ ಸಾಕು. ವೈಫ್ ಆಂಗ್ರಿ, ಉಪ್ಪಿಟ್ಟು, ಕೌ.”

ಅಂದರೆ ನಾನು ಮೊದಲ ದಿನ ಕಾಗದ ಹಿಡಿದು ಹೋದಾಗಲೇ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪಕ್ಕದಲ್ಲಿ ಬಂದು ಕೂತಿದ್ದಳು. ಗೊತ್ತಿದ್ದೂ ನನ್ನ ಇಂಗಿನ ಡಬ್ಬಿ ಓದಿದಳು, ಎಲೆ ಸುತ್ತುವುದು ಕಲಿಸಿದಳು. ನನ್ನ ಕಣ್ಣು ತುಂಬಿ ಬಂತು. ಅವಳು ನಕ್ಕು, ತಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು ಎಂದಳು. ಬೇಡ ಎಂದಷ್ಟೂ ಗೋಧಿಯನ್ನೇ ತಂದಿಡುವುದು ನೋಡಿ, ಈ ಮನೆಯೊಡತಿ ತನ್ನನ್ನು ಕೊಲ್ಲಲು ಹೊರಟಿದ್ದಾಳೆ ಎಂದು ವೀಣೆ ಮೇಷ್ಟರಿಗೆ ಹೇಳಿದ್ದಳಂತೆ. ಮೇಷ್ಟರು ಬಾಗಿಲ ಒಳಚಿಲಕ ಹಾಕಿಕೊಂಡು ಮಲಗಲು ಹೇಳಿದ್ದರಂತೆ!

ಆದರೂ ಎಲೇನಿ ಹೋದಳು. ಮಲ್ಲೇಶ್ವರದವರಿಗೆ ಮಾತು ಕೊಟ್ಟಾಗಿತ್ತು, ಅವರು ಅವಳಿಗಾಗಿ ಮನೆಗೆ ಸುಣ್ಣಬಣ್ಣ ಮಾಡಿಸಿದ್ದರು. ನಾನು ಎಷ್ಟು ಕೇಳಿಕೊಂಡರೂ ಕೊಟ್ಟ ಮಾತು ಮುರಿಯಲಿಲ್ಲ. “ಪ್ರತಿ ಗುರುವಾರ ಭೋಜನಕ್ಕೆ ಬನ್ನಿ” ಎಂದಳು. ಹಾಗಾಗಿ ಈಗ ಗುರುವಾರ ಬಂತೆಂದರೆ ನಾನು ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುತ್ತೇನೆ. ಮೊದಲ ಗುರುವಾರ ಹೋದಾಗ ಅಲ್ಲಿ ಇನ್ನೂ ಮೂವರು ಹೆಂಗಸರು ಕೂತಿದ್ದರು. ಅವರಿಗೂ ಇದೇ ಕಾಯಿಲೆ, ಅವರನ್ನೂ ಎಲೇನಿ ಎಲ್ಲೆಲ್ಲಿಂದಲೋ ಹುಡುಕಿದ್ದಳು. ಅಕ್ಕಿ ತುಂಬಿದ ದಪ್ಪ ಮೆಣಸಿನಕಾಯಿ, ಬಿಳಿ ಕಾಳು, ನಿಂಬೆ ಹಿಂಡಿದ ಸೊಪ್ಪು ಮೇಜಿನ ಮೇಲೆ ಹೊಗೆಯಾಡುತ್ತಿತ್ತು. ಎದುರಿಗೆ ಮೂರು ಹೊಸ ಮುಖ. ನನಗೆ ತಡೆಯಲಾಗಲಿಲ್ಲ. ಗ್ಲುಟೆನ್ ಎಂದರೇನು ಎಂದು ಶುರುಮಾಡಿದೆ. ಕರುಳಿಗೆ ಬಂದೆ, ಕಬ್ಬಿಣಕ್ಕೆ ಬಂದೆ, ಡಬ್ಬಿಗಳನ್ನು ತಿರುಗಿಸಿ ಓದದ ಜನರ ಅಜ್ಞಾನದ ಬಗ್ಗೆ ಬಹಳ ಖಾರವಾಗಿಯೇ ಮಾತಾಡಿದೆ. ಮೂವರೂ ಚಮಚ ಕೈಯಲ್ಲಿ ಹಿಡಿದು ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಕಾಳಿನ ಹೊಗೆ ನಿಂತಿತು. ಆಗ ಎಲೇನಿ ನನ್ನ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಹೊಸ ಮನೆಯೊಡತಿ ತನ್ನ ಮೊಮ್ಮಕ್ಕಳಿಗೆ ಹೇಳುವುದನ್ನು ಕೇಳಿ ಕಲಿತಿದ್ದ ಮಾತನ್ನು ಬಹಳ ಪ್ರೀತಿಯಿಂದ ನನಗೆ ಹೇಳಿದಳು:

“ಟೀಚರ್, ದಯವಿಟ್ಟು ಬಾಯಿ ಮುಚ್ಚಿಕೊಂಡು ಭೋಜನ ಮಾಡಿ.”

ಮೂವತ್ತು ವರ್ಷದಲ್ಲಿ ನನ್ನ ಹೆಡ್ ಮಿಸ್ಸಿಗೂ ಆ ಧೈರ್ಯ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಊಟ ಮಾಡಿದೆ. ಕಾಳು ಆರಿತ್ತು, ಆದರೂ ತುಂಬಾ ರುಚಿಯಾಗಿತ್ತು. ಹೇಳೋಣವೆಂದರೆ ಬಾಯಿ ತೆರೆಯಲು ಭಯವಾಯಿತು.