ಎಲ್ಲಿಗೆ ಎಂದು ಕೇಳಬಾರದು

ಮೂರು ವರ್ಷದಿಂದ ಕೊಟ್ರೇಶನ ಬ್ಯಾಂಕ್ ಖಾತೆ ನಡೆಯುತ್ತಿದ್ದದ್ದು ಪಂಚಾಂಗದ ದಯೆಯಿಂದ.

ಮೂಡಲಪಾಳ್ಯದ ಟೈಲ್ಸ್ ಅಂಗಡಿಯೊಂದರಲ್ಲಿ ಅವನು ಬಿಲ್ ಬರೆಯುತ್ತಿದ್ದ. ಸಂಬಳ ಬರುವುದು ಹತ್ತನೇ ತಾರೀಕು. ಮನೆ ಓನರ್ ಮುನಿರಾಜು ಅವರಿಗೆ ಬಾಡಿಗೆ ಚೆಕ್ ಕೊಡಬೇಕಾದದ್ದು ಐದಕ್ಕೆ. ಚೆಕ್ಕಿನ ಮೇಲೆ ಹದಿನಾಲ್ಕು ಸಾವಿರ ಇರುತ್ತಿತ್ತು, ಖಾತೆಯಲ್ಲಿ ಮೂರೋ ನಾಲ್ಕೋ ಸಾವಿರ. ಬೇರೆ ಯಾರಾದರೂ ಆಗಿದ್ದರೆ ಮೊದಲ ತಿಂಗಳೇ ಮುಗ್ಗರಿಸಿ ಬೀಳುತ್ತಿದ್ದರು.

ಆದರೆ ಮುನಿರಾಜು ಸಾಮಾನ್ಯರಲ್ಲ. ಹಳೇ ಊರಿನವರು. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಇವರು ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆ ಬೆಳೆಯುತ್ತಿದ್ದರು. ಮಂಗಳವಾರ ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ. ಅಷ್ಟಮಿ, ನವಮಿ, ಅಮಾವಾಸ್ಯೆ ಆಗದು. ನಕ್ಷತ್ರ ಕೂಡಿಬರಬೇಕು, ರಾಹುಕಾಲ ಕಳೆದಿರಬೇಕು. ಫೋನಿನಲ್ಲಿ ದುಡ್ಡು ಯಾವ ಗಳಿಗೆಯಲ್ಲಿ ಬಂದು ಬೀಳುತ್ತದೋ ಎಂಬ ಭಯಕ್ಕೆ ಅದನ್ನೂ ಒಪ್ಪುತ್ತಿರಲಿಲ್ಲ. ಹೀಗಾಗಿ ಐದಕ್ಕೆ ಕೊಟ್ಟ ಚೆಕ್ಕು ಬ್ಯಾಂಕು ಸೇರುವಷ್ಟರಲ್ಲಿ ಹನ್ನೊಂದೋ ಹನ್ನೆರಡೋ ಆಗುತ್ತಿತ್ತು. ಹತ್ತಿರದಲ್ಲೇ ಒಳ್ಳೆಯ ದಿನವಿದ್ದರೆ ಕೊಟ್ರೇಶ ಚೆಕ್ಕನ್ನೇ ಎರಡು ದಿನ ತಡ ಮಾಡಿ ಕೊಡುತ್ತಿದ್ದ. ಅವನ ಅಡುಗೆಮನೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ಅವನಷ್ಟು ಶ್ರದ್ಧೆಯಿಂದ ಮಠದ ಅಯ್ಯನವರೂ ಓದಿರಲಿಕ್ಕಿಲ್ಲ.

ಆ ಶುಕ್ರವಾರ ಒಂಬತ್ತನೇ ತಾರೀಕು. ನವಮಿ. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಕೊಟ್ರೇಶ ಎರಡನೇ ಮಹಡಿಯ ಕಿಟಕಿಯ ಬಳಿ ತಲೆ ಬಾಚುತ್ತ ಕೆಳಗೆ ನೋಡಿದ. ಮುನಿರಾಜು ಚಪ್ಪಲಿ ಮೆಟ್ಟುತ್ತಿದ್ದರು. ಕಂಕುಳಲ್ಲಿ ಹಳದಿ ಚೀಲ. ಆ ಚೀಲ ಬ್ಯಾಂಕಿಗೆ ಬಿಟ್ಟರೆ ಬೇರೆಲ್ಲೂ ಹೋಗುತ್ತಿರಲಿಲ್ಲ.

ಬಾಚಣಿಗೆ ಕೈಯಿಂದ ಜಾರಿತು. "ಇವತ್ತು ನವಮಿ ಅಲ್ಲೇನ? ಇವ್ರಿಗೆ ಏನ್ ಬಂತು?" ಎಂದ.

ಹೆಂಡತಿ ದಾನಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಹೋಗಿ ಖರೆ ಹೇಳ್ರಿ. ನಾಳೆ ಪಗಾರ ಆಕ್ಕೈತಿ, ಒಂದ್ ದಿನ ತಡಕೊಳ್ರಿ ಅಂದ್ರ ಅವ್ರೇನು ನುಂಗ್ತಾರೇನು?"

"ಖರೆ ಹೇಳಿದ್ರ ಮೂರು ವರ್ಷದ ಮರ್ಯಾದಿ ಹೋಗತೈತಿ."

ಮರ್ಯಾದೆಯೊಂದೇ ಅಲ್ಲ. ಚೆಕ್ ವಾಪಸ್ ಬಂದರೆ ಬ್ಯಾಂಕಿನವರು ಐನೂರಾ ತೊಂಬತ್ತು ರೂಪಾಯಿ ಕಿತ್ತುಕೊಳ್ಳುತ್ತಾರೆ. ಅದನ್ನಾದರೂ ನುಂಗಿಕೊಳ್ಳಬಹುದು. ಹೋದ ವರ್ಷ ಕೆಳಗಿನ ಮನೆಯವನ ಚೆಕ್ಕು ಒಂದೇ ಒಂದು ಸಲ ವಾಪಸ್ ಬಂದು, ಆ ತಿಂಗಳೇ ಅವನು ಪಾತ್ರೆ ಪಡಗ ಟೆಂಪೋಗೆ ಹಾಕಿದ್ದ. ಹೊಸ ಮನೆಗೆ ಅಡ್ವಾನ್ಸ್ ಲಕ್ಷದ ಮೇಲೆ.

ಕೊಟ್ರೇಶ ಲೆಕ್ಕ ಹಾಕಿದ. ಶುಕ್ರವಾರ ರಾಹುಕಾಲ ಹತ್ತೂವರೆಗೆ. ಅಲ್ಲಿಯತನಕ ಇವರನ್ನು ಹಿಡಿದಿಟ್ಟರೆ ಹನ್ನೆರಡರವರೆಗೆ ಹೊಸಿಲು ದಾಟುವುದಿಲ್ಲ. ಹನ್ನೆರಡಾದ ಮೇಲೆ ಊಟ, ಆಮೇಲೆ ನಿದ್ದೆ. ನಾಳೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಸಂಬಳಕ್ಕೆ ರಜೆಯಿಲ್ಲ. ಒಟ್ಟು ಮುಕ್ಕಾಲು ಗಂಟೆಯ ಕೆಲಸ.

ಮೆಟ್ಟಿಲ ಮೇಲಿಂದಲೇ ಕೂಗಿದ. "ಎಲ್ಲಿಗೆ ಹೊಂಟ್ರಿ ಸಾರ್?"

ಮುನಿರಾಜು ಒಂದು ಕಾಲು ಗೇಟಿನಾಚೆ ಇಟ್ಟವರು ಹಾಗೇ ನಿಂತರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವುದು ಎಳೆ ಮಕ್ಕಳಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಡುತ್ತದೆ.

"ಏನಪ್ಪಾ ನೀನು, ಒಳ್ಳೆ ಕೆಲಸಕ್ಕೆ ಹೊರಟಾಗ," ಎಂದು ಮುಖ ಹಿಂಡಿಕೊಂಡರು. "ನಿನ್ನ ವಿಷಯಕ್ಕೇ ಹೋಗ್ತಾ ಇದ್ದೆ, ನೀನೇ ಅಡ್ಡ ಬಾಯಿ ಹಾಕಿದೆ ನೋಡು."

ವಾಪಸ್ ಬಂದು ಜಗಲಿಯ ಮೇಲೆ ಕೂತರು. ಒಳಗಿನಿಂದ ಅವರ ಹೆಂಡತಿ ಯಶೋದಮ್ಮ ನೀರು ತಂದುಕೊಟ್ಟರು. ಹತ್ತು ನಿಮಿಷ ಕೂತು, ಕುಲದೇವರನ್ನು ನೆನೆದು ಮತ್ತೆ ಎದ್ದರು. ನಿನ್ನ ವಿಷಯಕ್ಕೇ ಎಂದ ಮೇಲೆ ಕೊಟ್ರೇಶನಿಗೆ ಇದ್ದ ಚೂರುಪಾರು ಅನುಮಾನವೂ ಹೋಯಿತು. ಚೆಕ್ಕು ಆ ಚೀಲದಲ್ಲೇ ಇದೆ.

ಈ ಸಲ ಅವನು ಗೇಟಿನ ಹತ್ತಿರವೇ ನಿಂತು, ಪೇಪರಿನ ಚೂರೊಂದನ್ನು ಸುರುಳಿ ಸುತ್ತಿ ಮೂಗಿನೊಳಗೆ ಆಡಿಸಿಕೊಂಡ. ಮುನಿರಾಜು ಹತ್ತಿರ ಬರುವುದಕ್ಕೂ ಸೀನು ಸಿಡಿಯುವುದಕ್ಕೂ ಸರಿಹೋಯಿತು. ಒಂಟಿ ಸೀನು. ಮುನಿರಾಜು ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ಎದುರುಮನೆಯ ಕುಸುಮಾ ಆಂಟಿ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಈ ರಸ್ತೆಯಲ್ಲಿ ಅವರಿಗೆ ತಿಳಿಯದೆ ಹಾಲು ಕೂಡ ಉಕ್ಕುವುದಿಲ್ಲ. "ಒಂಟಿ ಸೀನು ಬಿಡಬೇಡಿ ಕೊಟ್ರೇಶಣ್ಣ, ಪಾಪ ಅವರು ಹೊರಟವ್ರೆ. ಇನ್ನೊಂದು ಸೀನ್ಬಿಡಿ, ಎರಡಾದ್ರೆ ಶುಭ."

ಕೊಟ್ರೇಶ ಮೂಗು ಹಿಡಿದುಕೊಂಡ. ಉಸಿರು ಕಟ್ಟಿದ. ಆದರೆ ಒಮ್ಮೆ ಕೆಣಕಿದ ಮೂಗು ಯಾರ ಮಾತು ಕೇಳುತ್ತದೆ? ಎರಡನೆಯದು ಮೊದಲಿನದಕ್ಕಿಂತ ಜೋರಾಗಿಯೇ ಬಂತು.

"ನಿನ್ನ ಹೊಟ್ಟೆ ತಣ್ಣಗಿರಲಪ್ಪ," ಎಂದು ಮುನಿರಾಜು ಹರಸಿ ಹೊರಟೇಬಿಟ್ಟರು.

ಹತ್ತು ಗಂಟೆ ಹತ್ತು ನಿಮಿಷ. ಕೊಟ್ರೇಶ ಸುತ್ತ ನೋಡಿದ. ಮೆಟ್ಟಿಲ ಕೆಳಗೆ ಇಪ್ಪತ್ತು ಲೀಟರಿನ ಖಾಲಿ ನೀರಿನ ಕ್ಯಾನಿತ್ತು. ಅದನ್ನು ಹೆಗಲಿಗೇರಿಸಿ ಪಕ್ಕದ ಗಲ್ಲಿಯಲ್ಲಿ ಓಡಿದ. ಮುನಿರಾಜು ತಿರುವು ದಾಟುವ ಹೊತ್ತಿಗೆ ಸರಿಯಾಗಿ ಎದುರಿನಿಂದ ಬಂದ, ಏದುಸಿರು ಬಿಡುತ್ತ, ಏನೂ ತಿಳಿಯದವನ ಹಾಗೆ.

ಮುನಿರಾಜು ನಿಂತರು. ಕ್ಯಾನನ್ನು ಮೇಲಿಂದ ಕೆಳಗೆ ನೋಡಿದರು. "ಖಾಲೀನಾ?"

"ಪೂರ್ತಿ ಖಾಲಿ ಸಾರ್," ಎಂದು ಕೊಟ್ರೇಶ ಅದನ್ನು ಬೋರಲು ಹಾಕಿ ತೋರಿಸಿದ.

"ಖಾಲಿ ಕೊಡ ಎದುರು ಬಂದ್ರೆ ಅಪಶಕುನ. ಕ್ಯಾನು ಕೊಡದ ಲೆಕ್ಕಕ್ಕೆ ಬರುತ್ತೇನಪ್ಪಾ?"

ಕುಸುಮಾ ಆಂಟಿ ಕೈಯಲ್ಲಿ ಕರಿಬೇವು ಹಿಡಿದು ಹಿಂದೆಯೇ ಬಂದಿದ್ದರು. ತೀರ್ಪು ಅವರೇ ಕೊಟ್ಟರು. "ನೀರು ತುಂಬೋದು ಯಾವುದಾದ್ರೂ ಕೊಡಾನೇ ಅಲ್ವಾ ಮುನಿರಾಜಣ್ಣ. ಈಗ ಕೊಡ ಯಾರ ಮನೇಲಿದೆ?"

ಜೀವಮಾನದಲ್ಲಿ ಮೊದಲ ಸಲ ಕೊಟ್ರೇಶನಿಗೆ ಆ ಹೆಂಗಸಿನ ಕಾಲಿಗೆ ಬೀಳೋಣ ಅನಿಸಿತು. ಮುನಿರಾಜು ನಿಟ್ಟುಸಿರಿಟ್ಟು ಹಿಂದಿರುಗಿದರು. ಕಾಲು ತೊಳೆದು, ದೇವರಿಗೆ ಕೈ ಮುಗಿದು, ನೀರು ಕುಡಿದು ಗಡಿಯಾರ ನೋಡಿದಾಗ ಹತ್ತು ಮೂವತ್ತೊಂದು.

"ಹೋಯ್ತು. ರಾಹುಕಾಲ," ಎಂದು ಚೀಲವನ್ನು ಮೊಳೆಗೆ ತಗುಲಿಸಿದರು.

ಕೊಟ್ರೇಶ ಅಂಗಡಿಗೆ ಫೋನ್ ಮಾಡಿ ಅರ್ಧ ದಿನ ರಜೆ ಹಾಕಿದ. ಎರಡು ರೊಟ್ಟಿ ಹೆಚ್ಚಿಗೆ ತಿಂದ. "ಬುದ್ಧಿ ಬೇಕಲೇ," ಎಂದು ದಾನಮ್ಮನಿಗೆ ಉಪದೇಶವನ್ನೂ ಮಾಡಿದ.

ಒಂದೂ ಮುಕ್ಕಾಲಿಗೆ ಫೋನು ಕಿಣಿ ಎಂದಿತು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲದ ಕಾರಣ ಹದಿನಾಲ್ಕು ಸಾವಿರದ ಚೆಕ್ ವಾಪಸ್. ಶುಲ್ಕ ಐನೂರಾ ತೊಂಬತ್ತು. ಉಳಿಕೆ ಮೂರು ಸಾವಿರದ ಇನ್ನೂರ ಎಪ್ಪತ್ತು.

ಎರಡು ಸಲ ಓದಿದ. ಚೀಲ ಮೊಳೆಯಲ್ಲಿ ತೂಗುತ್ತಿರುವಾಗ ಚೆಕ್ಕು ನಡೆದುಕೊಂಡು ಹೋಯಿತೇ? ಮೆಟ್ಟಿಲನ್ನು ಎರಡೆರಡಾಗಿ ಇಳಿದು ಜಗಲಿಗೆ ಬಂದ. ಮುನಿರಾಜು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರಿಗೂ ಸುದ್ದಿ ಬಂದಿತ್ತು.

"ಹಿಂಗಾಗುತ್ತೆ ಅಂತ ನಂಗೆ ಗೊತ್ತಿತ್ತು ಕಣಯ್ಯಾ," ಎಂದರು. "ನನ್ನ ಮಗ ದರ್ಶನ್ ಇದಾನಲ್ಲ, ನಿನ್ನೆ ಡ್ಯೂಟಿಗೆ ಹೋಗ್ತಾ, ಅಪ್ಪಂಗೆ ಸಹಾಯ ಆಗ್ಲಿ ಅಂತ ನಿನ್ನ ಚೆಕ್ಕನ್ನ ಬ್ಯಾಂಕಿನ ಡಬ್ಬಿಗೆ ಹಾಕ್ಬಿಟ್ಟವ್ನೆ. ಗುರುವಾರ ಮಧ್ಯಾಹ್ನ ಎರಡು ಗಂಟೆ. ಏನದು? ರಾಹುಕಾಲ. ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಬೆಳಿಗ್ಗೆ ಬ್ಯಾಂಕಲ್ಲಿರೋ ಪರಿಚಯದೋರಿಗೆ ಫೋನ್ ಮಾಡ್ದೆ. ಹನ್ನೊಂದಕ್ಕೆ ಡಬ್ಬಿ ತೆಗೀತೀವಿ, ಅಷ್ಟರೊಳಗೆ ಬನ್ನಿ, ವಾಪಸ್ ಕೊಡ್ತೀವಿ ಅಂದ್ರು. ಅದನ್ನ ಈಸ್ಕೊಂಡು ಬರೋಕೆ ಹೊರಟಿದ್ದೆ."

ಕೊಟ್ರೇಶ ಮೊಳೆಯಲ್ಲಿ ತೂಗುತ್ತಿದ್ದ ಚೀಲ ನೋಡಿದ. "ವಾಪಸ್ ತರಾಕ ಹೊಂಟಿದ್ರ್ಯಾ? ಹಂಗಂತ ನನಗ ಯಾಕ್ ಹೇಳ್ಲಿಲ್ರಿ ಸಾರ್?"

"ಹೊರಟಾಗ ಎಲ್ಲಿಗೆ ಅಂತ ಹೇಳ್ತಾರೇನಯ್ಯಾ?"

ಕೊಟ್ರೇಶ ಜಗಲಿಯ ಅಂಚಿನಲ್ಲಿ ಕೂತ. ಮನೆ ಖಾಲಿ ಮಾಡು ಎಂಬ ಮಾತಿಗೆ ಕಾದ. ಮುನಿರಾಜು ಮಾತ್ರ ಅವನ ಬೆನ್ನು ಸವರಿದರು.

"ನೀನ್ಯಾಕೆ ಅಳುಮುಖ ಮಾಡ್ತೀಯ? ಮೂರು ವರ್ಷದಲ್ಲಿ ಒಂದ್ಸಲಾನೂ ತಪ್ಪಿದೋನಲ್ಲ ನೀನು. ಖಾತೇಲಿ ದುಡ್ಡು ಇತ್ತಲ್ವಾ?"

ಒಂದು ಕ್ಷಣ ದಾನಮ್ಮನ ಮಾತು ನೆನಪಾಯಿತು. ಆದರೂ ನಾಲಿಗೆ ಮರ್ಯಾದೆಯ ಕಡೆಗೇ ಹೊರಳಿತು. "ಇತ್ತು ಸಾರ್. ಯಾಕಿರಂಗಿಲ್ಲ."

"ಅದೇ ನಾನು ಹೇಳೋದು. ಇರೋ ದುಡ್ಡನ್ನೂ ಇಲ್ಲ ಅನ್ನಿಸ್ತಾನೆ ಆ ರಾಹು. ಹೋಗ್ಲಿ ಬಿಡು, ದುಡ್ಡು ಹೆಂಗೂ ಇದೆಯಲ್ಲ. ಇವತ್ತೊಂದಿನ ಫೋನಲ್ಲೇ ಕಳಿಸ್ಬಿಡು. ಗಳಿಗೆ ನೋಡಿದೀನಿ, ಮೂರಕ್ಕೆ ಯಮಗಂಡ ಕಾಲ ಶುರು. ಅಷ್ಟರೊಳಗೆ ಬೀಳಬೇಕು. ಬೀಳಲಿಲ್ಲ ಅಂದ್ರೆ ಆ ಮನೆಗೇ ದೋಷ ಇದೆ ಅಂತ ಅರ್ಥ. ಖಾಲಿ ಮಾಡಿಸಿ ಹೋಮ ಮಾಡಿಸ್ಬೇಕಾಗುತ್ತೆ."

ಗಡಿಯಾರದಲ್ಲಿ ಎರಡು ಗಂಟೆ. ಬೇಕಾದದ್ದು ಹತ್ತೂಮುಕ್ಕಾಲು ಸಾವಿರ. ಅಂಗಡಿಯ ಮಾಲೀಕರು ಎರಡೂವರೆಗೆ ಕೆಂಗೇರಿಯ ಗೋಡೌನಿಗೆ ಹೊರಟುಬಿಡುತ್ತಾರೆ. ಅಷ್ಟರೊಳಗೆ ಕೈಕಾಲು ಹಿಡಿದರೆ ಒಂದು ದಿನ ಮುಂಚೆ ಸಂಬಳ ಕೊಟ್ಟಾರು. ಕೊಟ್ರೇಶ ಚಪ್ಪಲಿ ಮೆಟ್ಟಿ ಗೇಟಿಗೆ ಓಡಿದ.

ಕಾಂಪೌಂಡಿನ ಮೇಲಿಂದ ತಲೆಯೊಂದು ಎದ್ದಿತು.

"ಇಷ್ಟು ಅವಸರವಾಗಿ ಎಲ್ಲಿಗೆ ಹೊರಟ್ರಿ ಕೊಟ್ರೇಶಣ್ಣ?"

ಕೊಟ್ರೇಶ ಕೇಳದವನಂತೆ ಓಡಬೇಕೆಂದಿದ್ದ. ಅಷ್ಟರಲ್ಲಿ ಹಿಂದಿನಿಂದ ಮುನಿರಾಜು ರಟ್ಟೆ ಹಿಡಿದುಕೊಂಡರು.

"ಹಂಗೇ ಹೋಗ್ಬಾರ್ದು ಕಣಯ್ಯಾ, ಬೆಳಿಗ್ಗೆ ನಂಗಾಗಿದ್ದು ನೋಡಿದೆಯಲ್ಲ. ಬಾ, ಕೂತ್ಕೋ," ಎಂದು ಅವನನ್ನು ಎಳೆದುಕೊಂಡು ಬಂದು ಜಗಲಿಯ ಮೇಲೆ ಕೂರಿಸಿದರು. ಆಮೇಲೆ ಒಳಗೆ ಕೂಗಿ ಹೇಳಿದರು. "ಯಶೋದಾ, ಕೊಟ್ರೇಶಂಗೆ ಒಂದ್ಲೋಟ ನೀರು ತಾ. ನಿಧಾನವಾಗಿ ಕುಡೀಲಿ."