ಸಂಡೂರಿನ ಒಂಬತ್ತು ನಂಬರು ಹೊಸಪೇಟೆಗೆ ಬಂದದ್ದು

ನನ್ನದು ಹೊಸಪೇಟೆಯಲ್ಲಿ ಒಂದು ಝೆರಾಕ್ಸ್ ಅಂಗಡಿ. ನೋಟಿಸು, ಲಿಸ್ಟು ಎಲ್ಲ ಪುಕ್ಕಟೆ ಆಗುತ್ತದೆಂಬ ಒಂದೇ ಕಾರಣಕ್ಕೆ ನಮ್ಮ ಓಣಿಯ ಫುಟ್‌ಬಾಲ್ ಕ್ಲಬ್ಬಿನವರು ನನ್ನನ್ನು ಸೆಕ್ರೆಟರಿ ಮಾಡಿದರು. ಅಂದಿನಿಂದ ನಗುವಂಥ ಸಂಗತಿಗಳಿಗೆ ನನ್ನ ಬದುಕಿನಲ್ಲಿ ಬರಗಾಲವಿಲ್ಲ. ವರ್ಷಕ್ಕೆ ನಾಲ್ಕಾದರೂ ಆಗಿಯೇ ಆಗುತ್ತವೆ. ಆದರೆ ಸಂಡೂರಿನ ಹಳೆಯ ಫಾರ್ವರ್ಡ್ ಒಬ್ಬರನ್ನು ನಮ್ಮ ಟೀಮಿಗೆ ಕರೆತಂದ ವರ್ಷದ ಸಂಗತಿಗಳನ್ನು ಹೇಳುವಾಗ, ಕೇಳಿದವರು ನಗುತ್ತಾರೆ, ನನಗೆ ಮಾತ್ರ ಅರ್ಧಕ್ಕೇ ನಗು ನಿಂತುಬಿಡುತ್ತದೆ.

ಹೆಣ್ಣು ಕೇಳಲು ಹೋದ ಹಾಗೆ

ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಆಟ ನೋಡಲಿಕ್ಕೆಂದೇ ಸೈಕಲ್ ತುಳಿದುಕೊಂಡು ಸಂಡೂರಿಗೆ ಹೋಗುತ್ತಿದ್ದೆ. ಒಂಬತ್ತು ನಂಬರಿನ ಕೆಂಪು ಜೆರ್ಸಿ. ಗೋಲಿನ ಮುಂದೆ ಅವರು ಒಮ್ಮೆ ಭುಜ ಅಲುಗಾಡಿಸಿದರೆ ಇಬ್ಬರು ಡಿಫೆಂಡರುಗಳು ತಪ್ಪು ದಿಕ್ಕಿಗೆ ಹೋಗಿ ಬೀಳುತ್ತಿದ್ದರು. ಈಗ ಅವರು ತೋರಣಗಲ್ಲಿನ ಫ್ಯಾಕ್ಟರಿಗೆ ಶಿಫ್ಟ್ ಬಸ್ ಓಡಿಸುತ್ತಿದ್ದರು. ಎರಡು ವರ್ಷದಿಂದ ಅವರ ಕ್ಲಬ್ಬು ಅವರನ್ನು ಬೆಂಚಿನ ಮೇಲೆ ಕೂಡಿಸಿದೆ ಎಂದು ಗೊತ್ತಾದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ನಮ್ಮ ಕೋಚನ್ನೂ ಗೋಲಿಯನ್ನೂ ಕರೆದುಕೊಂಡು ಒಂದು ಭಾನುವಾರ ಸಂಡೂರಿಗೆ ಹೊರಟೆ. ಕೋಚ್ ಅಂದರೆ ರಿಟೈರಾದ ಪಿ.ಟಿ. ಮಾಸ್ತರು. ಗೋಲಿ, ಅಂದರೆ ನಮ್ಮ ಗೋಲ್‌ಕೀಪರ್, ಹಂಪಿಗೆ ಆಟೋ ಓಡಿಸುವವನು.

ಬಾಗಿಲು ತೆರೆದವರು ಅವರ ಹೆಂಡತಿ.

"ಅಣ್ಣಾರು ಅದಾರೇನ್ರಿ? ಹೊಸಪೇಟಿಯಿಂದ ಬಂದೀವಿ. ಅವರ ಕಾಲಿನ ಬಗ್ಗೆ ಮಾತಾಡೋದಿತ್ತು" ಅಂದೆ.

"ಬರ್ರಿ, ಕುಂದ್ರಿ" ಎಂದು ಒಳಗೆ ಕರೆದು, ಚಹಾ ಕೊಟ್ಟು, ಒಂದು ದಪ್ಪ ಲಕೋಟೆ ತಂದು ಕೋಚ್ ಕೈಗಿಟ್ಟರು. ಒಳಗೆ ಮೊಣಕಾಲಿನ ಎಕ್ಸ್‌ರೇ! ನಮ್ಮನ್ನು ಯಾವುದೋ ಆಸ್ಪತ್ರೆ ಕ್ಯಾಂಪಿನವರು ಅಂದುಕೊಂಡಿದ್ದರು. ನಮ್ಮ ಕೋಚು ಅದನ್ನು ಬೆಳಕಿಗೆ ಹಿಡಿದು, ಗಂಭೀರವಾಗಿ ನೋಡಿ, "ಇನ್ನೂ ಒಂದು ಸೀಜನ್ ನಡೀತೈತಿ" ಅಂದುಬಿಟ್ಟರು.

ಅಷ್ಟರಲ್ಲಿ ಅಣ್ಣಾರೇ ಹೊರಗೆ ಬಂದರು. ತಲೆಗೂದಲಿಗೆ ಆಗಷ್ಟೇ ಬಣ್ಣ ಹಚ್ಚಿದ್ದು, ಕಿವಿಯ ಮೇಲೂ ಸ್ವಲ್ಪ ಹತ್ತಿತ್ತು. ನಾವು ಬಂದ ವಿಷಯ ಕೇಳುತ್ತ ಕಿವಿಯ ಬಣ್ಣ ಒರೆಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು: "ಆಡಸ್ತೀರೇನ್ರಿ? ಖರೇನ ಆಡಸ್ತೀರಿ?"

"ನೀವು ಬರ್ರಿ ಅಣ್ಣಾರ. ನೀವಿಲ್ದ ಟೀಮ್ ಇಳಿಯಂಗಿಲ್ಲ" ಅಂದೆ. ಆ ಮಾತನ್ನು ಆಡಿದ್ದು ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ.

ಹೊರಡುವಾಗ ಅವರ ಹೆಂಡತಿ ಗೇಟಿನ ತನಕ ಬಂದು ತಗ್ಗಿದ ದನಿಯಲ್ಲಿ, "ಕರ್ಕೊಂಡು ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಿಮ್ಮ ಗ್ರೌಂಡಿಗೆ ಮೆಟ್ಲ ಅದಾವೇನ್ರಿ? ಇವ್ರು ಬಸ್ ಓಡಸ್ತಾರ ಖರೆ, ಹತ್ತಾಕ ಮಾತ್ರ ಕ್ಲೀನರ್ ಕೈ ಕೊಡಬೇಕು" ಅಂದರು.

ಹೆಬ್ಬೆಟ್ಟು

ಬೇರೆ ಕ್ಲಬ್ಬಿನಿಂದ ಬರುವವರಿಗೆ ಹಳೆಯ ಕ್ಲಬ್ಬಿನ ಒಪ್ಪಿಗೆ ಪತ್ರ ಬೇಕು. ಸಂಡೂರಿನ ಸೆಕ್ರೆಟರಿ ಸತಾಯಿಸುತ್ತಾರೆ ಎಂದು ಹೆದರಿ ಹೋದರೆ ಆ ಪುಣ್ಯಾತ್ಮ ಪತ್ರ ಓದದೆಯೇ ಸಹಿ ಹಾಕಿದ.

"ಇಷ್ಟು ಜಲ್ದಿ ಯಾಕ್ರಿ?" ಎಂದು ಕೇಳಿದೆ.

"ನೀವು ಮನಸ್ಸು ಬದಲಿ ಮಾಡಿದ್ರ ಕಷ್ಟ ಅಲ್ರಿ?" ಅಂದ.

ಇನ್ನು ಫಾರ್ಮು ತುಂಬಬೇಕು. ಅಣ್ಣಾರು ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಆಕೆ ಡಿಗ್ರಿ ಓದುತ್ತಿದ್ದಳು. "ವಯಸ್ಸು?" ಎಂದು ಕೇಳಿದೆ.

"ಮೂವತ್ತೆಂಟು ಬರ್ಕೊಳ್ರಿ."

ಮಗಳು ಮೊಬೈಲಿನಿಂದ ತಲೆ ಎತ್ತಿ, "ಅಪ್ಪಾ, ನಾ ಎಸ್ಸೆಸ್ಸೆಲ್ಸಿ ಬರದಾಗೂ ಮೂವತ್ತೆಂಟ ಇತ್ತಲ್ಲ?" ಅಂದಳು.

"ನೀ ಸುಮ್ಕಿರವ್ವ."

ನಮ್ಮ ಲೀಗಿನಲ್ಲಿ ವಯಸ್ಸಿನ ಮಿತಿ ಏನೂ ಇರಲಿಲ್ಲ. ಇದೆಲ್ಲ ಬರೀ ಅವರ ಮರ್ಯಾದೆಯ ಪ್ರಶ್ನೆ. ಫಾರ್ಮಿನ ಜೊತೆ ಆಧಾರ್ ಕಾರ್ಡಿನ ಪ್ರತಿ ಇಡಬೇಕಿತ್ತು. ನಾನು ಕಾರ್ಡಿಗೆ ಕೈ ಚಾಚಿದರೆ, "ನಾನ ಇಡ್ತೀನಿ ಬಿಡ್ರಿ" ಎಂದು ಅವರೇ ಮಷೀನಿನ ಗಾಜಿನ ಮೇಲೆ ಇಟ್ಟು, ಹಿಡಿದುಕೊಂಡೇ ನಿಂತರು. ಪ್ರತಿ ಹೊರಗೆ ಬಂತು. ಹುಟ್ಟಿದ ತಾರೀಖಿನ ಜಾಗದಲ್ಲಿ ದಪ್ಪನೆಯ ಹೆಬ್ಬೆಟ್ಟು, ಗೆರೆಗಳೆಲ್ಲ ಸ್ವಚ್ಛವಾಗಿ ಮೂಡಿದ್ದವು. ಮೂರು ಸಲ ತೆಗೆದೆ. ಮೂರು ಸಲವೂ ಹೆಬ್ಬೆಟ್ಟೇ.

ಲೀಗಿನ ಆಫೀಸಿನಲ್ಲಿ ಒಬ್ಬ ಹಿರಿಯರು ಕನ್ನಡಕ ಏರಿಸಿ ಆ ಪ್ರತಿಯನ್ನು ನೋಡಿದರು. ಅವರು ತಲೆಯಾಡಿಸಿ, "ಸಹಿ ಬರಂಗಿಲ್ಲೇನು ಪಾಪ? ಇರ್ಲಿ ಬಿಡ್ರಿ, ಹೆಬ್ಬೆಟ್ಟೂ ನಡೀತೈತಿ" ಎಂದು ಸೀಲು ಒತ್ತಿದರು.

ಕಂಪ್ಲಿಯ ಮ್ಯಾಚು

ಪ್ರಾಕ್ಟೀಸಿನಲ್ಲಿ ಕೋಚು ಐದು ಸುತ್ತು ಓಡಿ ಅಂದರೆ ಅಣ್ಣಾರು ಒಂದು ಸುತ್ತು ಓಡಿ, ಬೇವಿನ ಗಿಡದ ಕೆಳಗೆ ಕೂತು, ಹುಡುಗರಿಗೆ ಪಾಠ ಮಾಡುತ್ತಿದ್ದರು. "ಚೆಂಡಿನ ಹಿಂದ ಯಾಕ ಓಡ್ತೀರಲೇ? ಚೆಂಡೇನು ನಿಮ್ಮ ಸಾಲ ತಿಂದೈತೇನು? ಅದು ಎಲ್ಲಿಗೆ ಬರತೈತಿ ಅಂತ ತಿಳ್ಕೊಂಡು ಅಲ್ಲಿ ನಿಂದ್ರಬೇಕು."

ನಮ್ಮ ಹುಡುಗರಿಗೆ ಅವರೆಂದರೆ ದೇವರು. ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಕಂಪ್ಲಿಯಲ್ಲಿ ಮೊದಲ ಮ್ಯಾಚು. ಗ್ರೌಂಡಿನ ಮಗ್ಗುಲಿಗೇ ಭತ್ತದ ಗದ್ದೆ. ಸೀಟಿ ಹೊಡೆದ ಕೂಡಲೇ ನಮ್ಮ ಹತ್ತೂ ಮಂದಿ ಚೆಂಡು ಎಲ್ಲಿಗೆ ಬರುತ್ತದೆಂದು ತಿಳಿದುಕೊಂಡು, ತಮಗೆ ತಿಳಿದ ಜಾಗದಲ್ಲಿ ಹೋಗಿ ನಿಂತುಬಿಟ್ಟರು. ಚೆಂಡಿಗೆ ಇದು ತಿಳಿದಿರಲಿಲ್ಲ. ಕಂಪ್ಲಿಯವರು ನಮ್ಮ ನಡುವೆ, ತೋಟದಲ್ಲಿ ಓಡಾಡಿದ ಹಾಗೆ ಓಡಾಡಿ ಅರ್ಧ ಆಟದೊಳಗೆ ಮೂರು ಗೋಲು ಹೊಡೆದರು. ಗದ್ದೆಯ ಬದುವಿನ ಮೇಲೆ ಕೂತಿದ್ದ ಒಬ್ಬ ಮುದುಕ, "ಹೊಸಪೇಟಿಯವ್ರು ಯಾವಾಗ ಶುರು ಮಾಡ್ತಾರಪಾ?" ಎಂದು ನನ್ನನ್ನೇ ಕೇಳಿದ.

ಆ ದಿನ ನಮಗೆ ಒಂದೇ ಒಂದು ಗೋಲು ಸಿಕ್ಕಿತು. ನಮ್ಮವರು ಕಾರ್ನರಿನಿಂದ ಒದ್ದ ಚೆಂಡು ಬರುವ ಹೊತ್ತಿಗೆ ಅಣ್ಣಾರು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಚೆಂಡು ಅವರ ಬೆನ್ನಿಗೆ ಬಡಿದು ಸೀದಾ ಗೋಲಿನೊಳಗೆ ಹೋಯಿತು. ಅವರು ಮೆಲ್ಲಗೆ ಎದ್ದು, ಸೊಂಟ ಹಿಡಿದುಕೊಂಡು, ಹುಡುಗರ ಕಡೆ ತಿರುಗಿ ಹೇಳಿದರು:

"ನೋಡಿದ್ರೇನಲೇ? ಅಲ್ಲಿಗ ಬರತೈತಿ ಅಂತ ಗೊತ್ತಿತ್ತು."

ಬೆಟ್ಟ ಹತ್ತಿದವರು

ಮೊಣಕಾಲು ಗಟ್ಟಿಯಾಗಲೆಂದು ಅವರಿಗೆ ಯಾರೋ ಬೆಟ್ಟ ಹತ್ತಲು ಹೇಳಿದ್ದರು. ರಜೆಯ ದಿನ ನಸುಕಿನಲ್ಲೇ ಹಂಪಿಗೆ ಹೋಗಿ ಮಾತಂಗ ಬೆಟ್ಟ ಹತ್ತಿದ್ದಾರೆ. ನನಗೆ ಫೋನು ಬಂತು.

"ಸೆಕ್ರೆಟರಿ ಸಾಹೇಬ್ರ, ಬೆಟ್ಟದ ಮ್ಯಾಲೆ ಅದೀನಿ. ಸೂರ್ಯ ಹುಟ್ಟೋದು ಭಾಳ ಮಸ್ತ್ ಕಾಣತೈತಿ. ಬರ್ರಲ್ಲ."

"ಅಂಗಡಿ ತಗೀಬೇಕ್ರಿ ಅಣ್ಣಾರ" ಅಂದೆ.

ಅರ್ಧ ತಾಸಿಗೆ ಮತ್ತೆ ಫೋನು. "ಬಂದಿದ್ರ ಚಲೋ ಇತ್ತು ನೋಡ್ರಿ."

ಇನ್ನರ್ಧ ತಾಸಿಗೆ ಮೂರನೆಯದು. "ಬರೋವಾಗ ಗೋಲಿನ್ನೂ ಕರ್ಕೊಂಡು ಬರ್ರಿ. ಗಟ್ಟಿ ಆಳು ಅದಾನ."

ಆಗ ತಿಳಿಯಿತು. ಹತ್ತಿದ್ದಾರೆ, ಇಳಿಯಲಾಗುತ್ತಿಲ್ಲ. ಗೋಲಿಯ ಆಟೋದಲ್ಲಿ ಹೋದೆವು. ಕೈ ಹಿಡಿದರೆ ನೋವು, ಎತ್ತಿಕೊಳ್ಳುತ್ತೇವೆ ಅಂದರೆ ಬೇಡ. ಕೊನೆಗೆ ಅವರು ಮೆಟ್ಟಿಲ ಮೇಲೆ ಕೂತು, ಕೂತಲ್ಲಿಂದಲೇ ಒಂದೊಂದೇ ಮೆಟ್ಟಿಲು ಜಾರಿ ಇಳಿಯತೊಡಗಿದರು. ಆಚೆ ಈಚೆ ನಾವಿಬ್ಬರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ನಮ್ಮ ಹಿಂದೆ ಫಾರಿನ್ನಿನ ಇಬ್ಬರು ಗಂಡಹೆಂಡತಿ, ಇದು ಇಲ್ಲಿಯ ಯಾವುದೋ ಹರಕೆ ಅಂದುಕೊಂಡು, ಕೈ ಮುಗಿದು, ಕೂತುಕೊಂಡೇ ಇಳಿಯುತ್ತಿದ್ದಾರೆ! ಕೆಳಗೆ ಬಂದ ಮೇಲೆ ಅಣ್ಣಾರಿಗೆ ಬಗ್ಗಿ ನಮಸ್ಕಾರ ಬೇರೆ ಮಾಡಿದರು. ಇವರೂ ಬಿಡಲಿಲ್ಲ, ಇಬ್ಬರ ತಲೆಯ ಮೇಲೂ ಕೈಯಿಟ್ಟು ಆಶೀರ್ವಾದ ಮಾಡಿದರು.

ಆಟೋದಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. "ಇದನ್ನ ಕಮಿಟಿಗೆ ಹೇಳಬ್ಯಾಡ್ರಿ. ನನ್ನ ಬೆಂಚಿಗೆ ಕೂಡಿಸಿಬಿಡ್ತಾರ."

"ಛೇ, ನಾ ಯಾಕ ಹೇಳ್ಲಿ" ಅಂದೆ.

ಹೇಳಿದೆ. ಎರಡೇ ದಿನಕ್ಕೆ, ಚಹಾದಂಗಡಿಯಲ್ಲಿ, ಆ ಫಾರಿನ್ನಿನವರ ಕಥೆ ಬಲು ತಮಾಷೆಯದಲ್ಲವೇ ಎಂದು, ಕಮಿಟಿಯವರೆಲ್ಲ ಇರುವಾಗಲೇ ಅಭಿನಯ ಮಾಡಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಲಿ ಒಬ್ಬ ನಗಲಿಲ್ಲ.

ಲಿಸ್ಟು

ಕಂಪ್ಲಿಯಲ್ಲಿ ಸೋತರೂ ಆಮೇಲಿನ ಮ್ಯಾಚುಗಳನ್ನು ಗೆದ್ದು, ಅಂತೂ ಇಂತೂ ನಾವು ಫೈನಲ್ಲಿಗೆ ಬಂದೆವು. ಎದುರಿಗೆ ಸಂಡೂರು, ಅಣ್ಣಾರ ಹಳೆಯ ಕ್ಲಬ್ಬೇ. ಹೊಸಪೇಟೆಯಲ್ಲೇ ಆಟ. ಹಿಂದಿನ ದಿನ ಕಮಿಟಿ ಕೂತಿತು. ಒಬ್ಬರು, "ಬೆಟ್ಟ ಇಳಿಲಾರದವ್ರು ಫೈನಲ್ ಏನು ಆಡ್ತಾರ?" ಅಂದರು. ನಾನು ಹೇಳಿದ್ದ ಕಥೆಯನ್ನೇ ನನಗೆ ತಿರುಗಿಸಿ ಹೇಳಿದರು. ನಾನು ಏನಾದರೂ ಅನ್ನಬಹುದಿತ್ತು. ಅವರ ಹೆಸರು ಬಿಟ್ಟು ಲಿಸ್ಟು ಬರೆದುಕೊಂಡೆ.

ಅಣ್ಣಾರಿಗೆ ಈ ಮಾತು ತಿಳಿಸುವ ಕೆಲಸ ಸೆಕ್ರೆಟರಿಯದು. ಫೋನು ಕೈಗೆತ್ತಿಕೊಂಡೆ, ಇಟ್ಟೆ. ಕೊನೆಗೆ ಹನ್ನೊಂದು ಜನರ ಲಿಸ್ಟನ್ನು ಝೆರಾಕ್ಸ್ ಮಾಡಿ ಗ್ರೌಂಡಿನ ಗೋಡೆಗೆ ಅಂಟಿಸಿ, ಲಿಂಬು ತರುವ ನೆಪದಲ್ಲಿ ಮಾರ್ಕೆಟ್ಟಿಗೆ ಹೋಗಿಬಿಟ್ಟೆ.

ತಿರುಗಿ ಬಂದಾಗ ಅವರು ಆಗಲೇ ಬಂದಿದ್ದರು. ಮನೆಯಿಂದಲೇ ನಮ್ಮ ಕ್ಲಬ್ಬಿನ ಹಳದಿ ಒಂಬತ್ತು ನಂಬರಿನ ಜೆರ್ಸಿ ಹಾಕಿಕೊಂಡು, ಇಸ್ತ್ರಿಯ ಗೆರೆ ಕಾಣುವ ಹಾಗೆ. ಮಗಳು ಬಂದಿದ್ದಳು. ಹೆಂಡತಿಯೂ ಬಂದಿದ್ದರು. ಇಷ್ಟು ವರ್ಷದಲ್ಲಿ ಗಂಡನ ಆಟ ನೋಡಲು ಅವರು ಬಂದದ್ದು ಅದೇ ಮೊದಲ ಸಲವಂತೆ. ಅಣ್ಣಾರು ಗೋಡೆಯ ಮುಂದೆ ನಿಂತು ಲಿಸ್ಟನ್ನು ಮೇಲಿಂದ ಕೆಳಗೆ ಓದಿದರು. ಮತ್ತೆ ಓದಿದರು. ನನ್ನನ್ನು ನೋಡಿ ನಕ್ಕರು.

"ಸಾಹೇಬ್ರ, ನಿಮ್ಮ ಮಷೀನಿನ್ಯಾಗ ಇಂಕ್ ಖಾಲಿ ಆಗೇತಿ ಏನ್ರಿ? ಒಂದು ಹೆಸರು ಮೂಡಿಲ್ಲ."

ನನ್ನ ಕೈಯಲ್ಲಿ ಇಪ್ಪತ್ತು ಲಿಂಬು ಇದ್ದವು. ಅವನ್ನೇ ನೋಡುತ್ತ ನಿಂತೆ.

ಎತ್ತಿದ ಕೈ

ಆಟ ಸಮಸಮ ನಡೆಯಿತು. ಯಾರಿಗೂ ಗೋಲಿಲ್ಲ. ಅಣ್ಣಾರು ಬೆಂಚಿನ ತುದಿಯಲ್ಲಿ ಕೂತು, ತಮ್ಮ ಜಾಗದಲ್ಲಿ ಆಡುತ್ತಿದ್ದವನಿಗೆ "ಬಲಕ್ಕ ಸರಿಯಲೇ, ಬಲಕ್ಕ" ಎಂದು ಹೇಳಿಕೊಡುತ್ತಲೇ ಇದ್ದರು. ಕೊನೆಯ ಹತ್ತು ನಿಮಿಷ ಉಳಿದಿರುವಾಗ ಅವನ ಕಾಲು ಹಿಡಿದುಕೊಂಡಿತು. ಬದಲಿ ಆಟಗಾರರು ಅದಾಗಲೇ ಇಳಿದಾಗಿತ್ತು. ಉಳಿದವರು ಇವರೊಬ್ಬರೇ. ಕೋಚು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಣ್ಣಾರು ಯಾರನ್ನೂ ಕೇಳದೆ ಎದ್ದು, ಗೆರೆ ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದರು.

ಐದು ನಿಮಿಷ ಚೆಂಡು ಅವರ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಮ್ಮೆ, ನಮ್ಮ ಗೋಲಿನ ಕಡೆಯೇ, ತೇಲಿ ಬಂದ ಚೆಂಡು ಅವರ ಎದೆಗೆ ಬಡಿದು ಕಾಲ ಬಳಿ ನಿಂತಿತು. ಎಷ್ಟು ಮೆತ್ತಗೆ ನಿಂತಿತೆಂದರೆ, ನಾನು ಹೈಸ್ಕೂಲಿನಲ್ಲಿ ನೋಡುತ್ತಿದ್ದ ಹಾಗೆಯೇ. ಭುಜ ಒಮ್ಮೆ ಅಲುಗಾಡಿತು. ಇಬ್ಬರು ತಪ್ಪು ದಿಕ್ಕಿಗೆ ಹೋದರು. ಒಬ್ಬ ನಮ್ಮವನೇ. ಆಗ ಎಡಗಡೆಯಿಂದ ಕೂಗು ಬಂತು: "ಅಣ್ಣಾ, ಎಡಕ್ಕ!"

ಅದು ಸಂಡೂರಿನ ವಿಂಗರ್. ವರ್ಷಗಟ್ಟಲೆ ಇವರ ಮಗ್ಗುಲಿಗೇ ಆಡಿದವನು. ಅವನು ಎಡಕ್ಕ ಅಂದರೆ ಇವರು ಎಡಕ್ಕೆ ಕೊಡಬೇಕು, ಕಾಲಿಗೆ ಅಷ್ಟೇ ಗೊತ್ತು. ತಲೆಯೆತ್ತಿ ನೋಡದೆ, ಪಾದದ ಹೊರಮೈಯಿಂದ, ನಮ್ಮ ಮೂವರ ನಡುವೆ ಎಳೆ ಪೋಣಿಸಿದಂಥ ಪಾಸು. ಅವನು ಒಂದೇ ಏಟಿಗೆ ಗೋಲು ಹೊಡೆದ. ನಮ್ಮ ಗೋಲಿ ಕದಲಲೇ ಇಲ್ಲ. ಆಮೇಲೆ ಕೇಳಿದ್ದಕ್ಕೆ, "ಅಂಥಾ ಪಾಸ್ ಎಂದೂ ನೋಡಿರ್ಲಿಲ್ಲ ಸರ್, ನೋಡ್ಕೋತ ನಿಂತೆ" ಅಂದ.

ಅಣ್ಣಾರು ಎರಡೂ ಕೈ ಮೇಲೆತ್ತಿ, "ಗೋಲ್!" ಎಂದು ಕೂಗಿದರು. ಆಮೇಲೆ ತಮ್ಮ ಎದೆಯ ಮೇಲಿನ ಹಳದಿ ಬಣ್ಣ ಕಂಡಿತು. ಒಂದು ಕೈ ಇಳಿಸಿದರು. ಇನ್ನೊಂದನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಸಂಡೂರಿನ ಹುಡುಗರು ಓಡಿ ಬಂದು ಅವರನ್ನು ಹೆಗಲ ಮೇಲೆ ಎತ್ತಿಕೊಂಡುಬಿಟ್ಟರು. ಕೆಂಪು ಜೆರ್ಸಿಗಳ ಮೇಲೆ ನಮ್ಮ ಹಳದಿ ಒಂಬತ್ತು. ರೆಫರಿ ಕಾರ್ಡು ಹೊರಗೆ ತೆಗೆದು, ಯಾರಿಗೆ ತೋರಿಸಬೇಕೆಂದು ತಿಳಿಯದೆ ತಿರುಗಿ ಜೇಬಿಗಿಟ್ಟುಕೊಂಡ.

ಸೀಟಿ ಹೊಡೆದು ಆಟ ಮುಗಿಯಿತು. ಅವರ ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. "ಯಾರು ಗೆದ್ರು ತಮ್ಮಾ?" ಎಂದು ನನ್ನನ್ನು ಕೇಳಿದರು.

"ಸಂಡೂರು, ಅಕ್ಕಾರ."

"ಹಂಗಾರ ಇವ್ರ ಗೆದ್ರಲ್ಲ!" ಎಂದು ಇನ್ನೂ ಜೋರಾಗಿ ತಟ್ಟಿದರು.

ಸಂಡೂರಿನ ಸೆಕ್ರೆಟರಿ ನನ್ನ ಮಗ್ಗುಲಿಗೆ ಬಂದು ನಿಂತ. ಗೆದ್ದವನ ಮುಖವಾಗಿರಲಿಲ್ಲ ಅದು. "ಅವತ್ತು ಸಹಿ ಹಾಕೋವಾಗ ಒಂದು ಮಾತು ಹೋಗಬ್ಯಾಡ್ರಿ ಅಂದಿದ್ರ ಉಳೀತಿದ್ರು ನೋಡ್ರಿ. ನಾವು ಯಾರೂ ಅನ್ಲಿಲ್ಲ" ಅಂದ. ನಮ್ಮಿಬ್ಬರದೂ ಒಂದೇ ಜಾತಿಯ ತಪ್ಪು.

ಲಿಸ್ಟಿನ ವಿಷಯಕ್ಕೆ ಕ್ಷಮೆ ಕೇಳಬೇಕೆಂದು ಅವರ ಹತ್ತಿರ ಹೋದೆ. ಅವರು ನೆಲದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು. ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಅದೇ ಅವರ ಕಡೆಯ ಆಟವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ತಪ್ಪಾತ್ರಿ" ಎಂದು ಇಬ್ಬರೂ ಒಟ್ಟಿಗೇ ಅಂದೆವು. ಅವರೇ ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು:

"ಹೋಗ್ಲಿ ಬಿಡ್ರಿ ಸಾಹೇಬ್ರ. ಮೊದಲಿಂದ ಇಳಿಸಿದ್ರ ಇನ್ನೂ ಎರಡು ಗೋಲ್ ಆಗ್ತಿದ್ವು."

ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.